ಮನೆಯಲ್ಲೇ ಕಾರಿಗೆ ಪೇಂಟ್: ಬೆಂಗಳೂರಿನವರಿಗೆ ಒಂದು ಪೂರ್ತಿ ಮಾರ್ಗದರ್ಶಿ

ಪೇಂಟ್ ಗ್ಯಾರೇಜಿನಲ್ಲಿ ಬೂತ್ (ಧೂಳು ಬರದ ಹಾಗೆ ಮುಚ್ಚಿದ ಪೇಂಟ್ ಕೋಣೆ) ಇರುತ್ತದೆ, ಹೀಟರ್ ಇರುತ್ತದೆ, ದಿನವಿಡೀ ಓಡುವ ದೊಡ್ಡ ಕಂಪ್ರೆಸರ್ ಇರುತ್ತದೆ, ವರ್ಷಗಟ್ಟಲೆ ಸ್ಪ್ರೇ ಗನ್ ಹಿಡಿದು ಪಳಗಿದ ಕೈ ಇರುತ್ತದೆ. ಮನೆಯಲ್ಲಿ ಮಾಡುವವರಿಗೆ ಇದ್ಯಾವುದೂ ಇಲ್ಲ. ಆದರೆ ಗ್ಯಾರೇಜಿನವರಿಗಿಲ್ಲದ ಒಂದು ನಮಗಿದೆ, ಟೈಮು. ಅಲ್ಲಿ ಒಂದು ಗಾಡಿ ಹೊರಗೆ ಹೋದರೆ ತಾನೇ ಇನ್ನೊಂದಕ್ಕೆ ಜಾಗ? ಅವಸರದ ಕೆಲಸದಲ್ಲಿ ಪುಟ್ಟಿ ಸರಿಯಾಗಿ ಗಟ್ಟಿಯಾಗುವ ಮೊದಲೇ ಪ್ರೈಮರ್ ಬೀಳುತ್ತದೆ, ಪ್ರೈಮರ್ ಒಳಗಿನ ಥಿನ್ನರ್ ಆರುವ ಮೊದಲೇ ಬಣ್ಣ ಬೀಳುತ್ತದೆ. ಡೆಲಿವರಿ ದಿನ ಎಲ್ಲ ಫಳಫಳ. ಕೆಲವು ತಿಂಗಳು ಬಿಸಿಲು ಕಂಡ ಮೇಲೆ ಒಳಗಿನ ಪದರ ಕುಗ್ಗುತ್ತದೆ, ಪುಟ್ಟಿಯ ಅಂಚು ಎದ್ದು ಕಾಣುತ್ತದೆ, ಸ್ಯಾಂಡ್‌ಪೇಪರ್ ಹಾಕಿ ಉಜ್ಜಿದ ಗೆರೆಗಳು ಬಣ್ಣದ ಅಡಿಯಿಂದ ಮೇಲೆ ಬರುತ್ತವೆ.

ಮನೆಯಲ್ಲಿ ಈ ತಪ್ಪು ಆಗಬೇಕಿಲ್ಲ. ಪ್ರೈಮರ್ ಹೊಡೆದು ಒಂದು ವಾರ ಬಿಟ್ಟರೆ ಯಾರೂ ಕೇಳುವುದಿಲ್ಲ. ಈ ಬರಹದ ಉದ್ದಕ್ಕೂ ನಾನು ಒತ್ತಿ ಹೇಳುವುದು ಇದನ್ನೇ. ಉಜ್ಜುವುದು, ಒಣಗಿಸುವುದು, ಮತ್ತೆ ಉಜ್ಜುವುದು ಮನೆಯಲ್ಲಿ ಗ್ಯಾರೇಜಿಗಿಂತ ಚೆನ್ನಾಗಿ ಆಗುತ್ತದೆ. ಗನ್ ಹಿಡಿದು ಬಣ್ಣ ಹೊಡೆಯುವ ಭಾಗ ಕಷ್ಟ, ಅದರಲ್ಲೂ ಒಂದು ಭಾಗವನ್ನು ಮನೆಯಲ್ಲಿ ಮಾಡಲೇಬಾರದು.

ಎಲ್ಲಿಂದ ಶುರು ಮಾಡಬೇಕು

ಇಡೀ ಕಾರನ್ನು ಒಂದೇ ಸಲ ಹಿಡಿಯಬೇಡಿ. ಒಂದು ಪ್ಯಾನೆಲ್ ತಗೊಳ್ಳಿ. ಮುಂದಿನ ಫೆಂಡರ್ ಒಳ್ಳೆಯದು, ಬೋಲ್ಟ್ ಬಿಚ್ಚಿದರೆ ಕೈಗೇ ಬರುತ್ತದೆ, ಕೆಟ್ಟರೂ ಇನ್ನೊಂದು ಸಿಗುತ್ತದೆ. ಬಾನೆಟ್ ದೊಡ್ಡದು, ಮಲಗಿದ ಸಮತಟ್ಟು ಜಾಗ, ಧೂಳು ಕೂತರೂ ಅಲೆ ಬಂದರೂ ಎಲ್ಲ ಕಣ್ಣಿಗೆ ಬೀಳುತ್ತದೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಬಣ್ಣದ ವಿಷಯಕ್ಕೆ ಬಂದರೆ ಸಾದಾ ಬಿಳಿ ಕಾರು ಇರುವವರು ಅದೃಷ್ಟವಂತರು. ಸಿಲ್ವರ್ ಇದ್ದವರಿಗೆ ಕಷ್ಟ ಜಾಸ್ತಿ. ಮೆಟಾಲಿಕ್ ಪೇಂಟಿನಲ್ಲಿ ಸಣ್ಣ ಅಲ್ಯೂಮಿನಿಯಂ ಚೂರುಗಳಿರುತ್ತವೆ. ಅವು ಯಾವ ಕಡೆ ಮಲಗಿವೆ ಅನ್ನುವುದರ ಮೇಲೆ ಬಣ್ಣ ಗಾಢವೋ ತೆಳುವೋ ಕಾಣುತ್ತದೆ. ಒಂದೇ ಡಬ್ಬಿಯ ಬಣ್ಣವನ್ನು ಇಬ್ಬರು ಹೊಡೆದರೆ ಎರಡು ಶೇಡ್ ಬರುವುದು ಇದಕ್ಕೇ. ಮೊದಲ ಸಲಕ್ಕೆ ಸಿಲ್ವರ್ ಬೇಡ.

ಬಣ್ಣದ ಕೋಡ್ ಗಾಡಿಯ ಮೇಲೇ ಇರುತ್ತದೆ. ಮಾರುತಿಯಾದರೆ ಸಾಮಾನ್ಯವಾಗಿ ಬಾನೆಟ್ ಅಡಿಯ ಪ್ಲೇಟಿನಲ್ಲಿ, ಬೇರೆ ಕೆಲವು ಕಂಪನಿಗಳಲ್ಲಿ ಡ್ರೈವರ್ ಬಾಗಿಲು ತೆರೆದರೆ ಕಾಣುವ ಕಂಬದ ಮೇಲೆ. ಮಾರುತಿಯ ಸುಪೀರಿಯರ್ ವೈಟ್‌ಗೆ 26ಯು, ಸಿಲ್ಕಿ ಸಿಲ್ವರ್‌ಗೆ ಝಡ್2ಎಸ್, ಹೀಗಿರುತ್ತವೆ ಕೋಡ್‌ಗಳು. ಅಂಗಡಿಗೆ ಕೋಡ್ ಜೊತೆಗೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನೂ ಬಿಚ್ಚಿ ತಗೊಂಡು ಹೋಗಿ. ಹತ್ತು ವರ್ಷ ಬಿಸಿಲಲ್ಲಿ ನಿಂತ ಬಿಳಿ ಫ್ಯಾಕ್ಟರಿ ಬಿಳಿ ಆಗಿ ಉಳಿದಿರುವುದಿಲ್ಲ, ಸ್ವಲ್ಪ ಹಳದಿಗೆ ತಿರುಗಿರುತ್ತದೆ. ಮುಚ್ಚಳ ನೋಡಿ ಮಿಕ್ಸ್ ಮಾಡಿಸಿದರೆ ಪಕ್ಕದ ಬಾಗಿಲಿಗೆ ಹೊಂದುತ್ತದೆ. ಬೆಂಗಳೂರಿನಲ್ಲಿ ಜೆಸಿ ರಸ್ತೆ ಸುತ್ತ ಹುಡುಕಿದರೆ ಇಂಥ ಪೇಂಟ್ ಅಂಗಡಿಗಳು ಸಿಗುತ್ತವೆ, ಟೂಲ್ಸ್‌ಗೆ ಎಸ್‌ಪಿ ರಸ್ತೆ ಒಂದು ಸುತ್ತು ಹಾಕಿ.

ಒಂದು ಕಾನೂನಿನ ಮಾತು. ಅದೇ ಬಣ್ಣ ಮತ್ತೆ ಹೊಡೆದರೆ ತೊಂದರೆ ಇಲ್ಲ. ಬೇರೆ ಬಣ್ಣ ಮಾಡುವುದಾದರೆ ಆರ್‌ಸಿಯಲ್ಲಿ ಬಣ್ಣ ದಾಖಲಾಗಿರುವುದರಿಂದ ಆರ್‌ಟಿಓದಲ್ಲಿ ತಿದ್ದಿಸಬೇಕು, ಇನ್ಶೂರೆನ್ಸ್‌ನವರಿಗೂ ತಿಳಿಸಬೇಕು. ಮಿಲಿಟರಿ ಜೀಪಿನ ಆಲಿವ್ ಗ್ರೀನ್ ಅಂತೂ ಬೇಡವೇ ಬೇಡ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ಅದು ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ.

ದಯವಿಟ್ಟು ಈ ಭಾಗ ಹಾರಿಸಬೇಡಿ

ಅಂಗಡಿಯಲ್ಲಿ 1ಕೆ, 2ಕೆ ಅನ್ನುವ ಮಾತು ಕೇಳುತ್ತೀರಿ. 1ಕೆ ಅಂದರೆ ಥಿನ್ನರ್ ಬೆರೆಸಿದರೆ ಸಾಕು, ಥಿನ್ನರ್ ಆರಿದಾಗ ಗಟ್ಟಿಯಾಗುತ್ತದೆ. 2ಕೆ ಅಂದರೆ ಹಾರ್ಡನರ್ ಬೆರೆಸಬೇಕು, ಎರಡೂ ಸೇರಿ ರಾಸಾಯನಿಕವಾಗಿ ಗಟ್ಟಿಯಾಗುತ್ತದೆ. 2ಕೆ ಪೇಂಟ್ ಮತ್ತು ಕ್ಲಿಯರ್ (ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಪದರ) ಬಾಳಿಕೆಯಲ್ಲಿ ಎಷ್ಟೋ ಮೇಲು, ಪೆಟ್ರೋಲ್ ಚೆಲ್ಲಿದರೂ ಏನೂ ಆಗುವುದಿಲ್ಲ. ಆದರೆ ಆ ಹಾರ್ಡನರ್‌ನಲ್ಲಿ ಐಸೋಸೈನೇಟ್ ಇರುತ್ತದೆ. ಗನ್‌ನಿಂದ ಹೊರಟ ಅದರ ಮಂಜನ್ನು ಉಸಿರಾಡಿದರೆ ಜೀವನಪೂರ್ತಿ ಕಾಡುವ ಆಸ್ತಮಾ ಬರಬಹುದು. ಒಮ್ಮೆ ದೇಹ ಅದಕ್ಕೆ ತಿರುಗಿ ಬಿದ್ದರೆ ಮುಂದೆ ಸ್ವಲ್ಪ ತಾಗಿದರೂ ಉಸಿರು ಕಟ್ಟುತ್ತದೆ. ಅಪಾಯದ ಮಟ್ಟ ದಾಟಿದರೂ ವಾಸನೆಯಿಂದ ಗೊತ್ತಾಗದೇ ಇರಬಹುದು, ಹಾಗಾಗಿ "ವಾಸನೆ ಬರ್ತಿಲ್ಲ, ಪರವಾಗಿಲ್ಲ" ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬಟ್ಟೆ ಮಾಸ್ಕ್, ಎನ್95 ಯಾವುದೂ ಇದಕ್ಕೆ ಸಾಲದು. ಹೊರಗಿನಿಂದ ಪೈಪಿನಲ್ಲಿ ಶುದ್ಧ ಗಾಳಿ ಕೊಡುವ ಮಾಸ್ಕ್ ಬೇಕು, ಅದು ಮನೆಯಲ್ಲಿ ಇರುವುದಿಲ್ಲ.

ಆದ್ದರಿಂದ ನನ್ನ ಸಲಹೆ ನೇರವಾಗಿದೆ. ಐಸೋಸೈನೇಟ್ ಹಾರ್ಡನರ್ ಇರುವ ಯಾವುದನ್ನೂ ಮನೆಯಲ್ಲಿ ಸ್ಪ್ರೇ ಮಾಡಬೇಡಿ. 2ಕೆ ಅಂತ ಬರೆದ ಸ್ಪ್ರೇ ಕ್ಯಾನ್‌ಗಳೂ ಇದರಲ್ಲೇ ಬಂದವು. ಕೆಲವು ಪ್ರೈಮರ್‌ಗಳ ಹಾರ್ಡನರ್‌ನಲ್ಲೂ ಇರುತ್ತದೆ, ಡಬ್ಬಿಯ ಮೇಲೆ ಓದಿಯೇ ಕೊಳ್ಳಿ.

ಹಾಗಾದರೆ ದಾರಿ ಎರಡು. ಹಳೇ ಗಾಡಿ, ಸಣ್ಣ ಪ್ಯಾನೆಲ್, ಸಾದಾ ಬಣ್ಣ ಆದರೆ ಪೂರ್ತಿ 1ಕೆ ಸಾಮಾನಿನಲ್ಲಿ ಮನೆಯಲ್ಲೇ ಮುಗಿಸಿ, ಬಾಳಿಕೆ ಸ್ವಲ್ಪ ಕಡಿಮೆ ಅಂತ ಒಪ್ಪಿಕೊಳ್ಳಿ. ಒಳ್ಳೆಯ ಗಾಡಿ, ದೊಡ್ಡ ಪ್ಯಾನೆಲ್, ಮೆಟಾಲಿಕ್ ಆದರೆ ಪ್ರೈಮರ್ ಉಜ್ಜುವ ತನಕ ಮನೆಯಲ್ಲಿ ಮಾಡಿ, ಬಣ್ಣ ಮತ್ತು ಕ್ಲಿಯರ್ ಬೂತ್ ಇರುವ ಗ್ಯಾರೇಜಿಗೆ ಬಿಡಿ. ಬೇರೆಯವರು ತಯಾರು ಮಾಡಿದ್ದರ ಮೇಲೆ ಬಣ್ಣ ಹೊಡೆಯಲು ಕೆಲವರು ಒಪ್ಪುವುದಿಲ್ಲ. ಯಾವ ಪ್ರೈಮರ್ ಹಾಕಬೇಕು, ಯಾವ ನಂಬರ್ ಪೇಪರ್ ತನಕ ಉಜ್ಜಿ ತರಬೇಕು ಅಂತ ಮೊದಲೇ ಹೋಗಿ ಮಾತಾಡಿ. ಎರಡೂ ದಾರಿಗೆ ಕೆಳಗಿನ ತಯಾರಿ ಒಂದೇ.

1ಕೆ ಆದರೂ ಥಿನ್ನರ್ ಆವಿ ಒಳ್ಳೆಯದಲ್ಲ. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್ ಮತ್ತು ಅದರ ಮುಂದೆ ಧೂಳಿನ ಫಿಲ್ಟರ್ ಇರುವ ಮುಖಕ್ಕೆ ಕಚ್ಚಿ ಕೂರುವ ಮಾಸ್ಕ್ ಕೊಳ್ಳಿ, ಗಡ್ಡ ಇದ್ದರೆ ಅದು ಸರಿಯಾಗಿ ಕೂರುವುದಿಲ್ಲ. ಕೆಲಸ ಆದ ಮೇಲೆ ಗಾಳಿಯಾಡದ ಕವರಿನಲ್ಲಿ ಕಟ್ಟಿಡಿ, ಹೊರಗೆ ಬಿಟ್ಟರೆ ಕಾರ್ಟ್ರಿಡ್ಜ್ ಸುಮ್ನೆ ಖರ್ಚಾಗುತ್ತದೆ. ಉಜ್ಜುವಾಗಲೂ ಎನ್95 ಆದರೂ ಹಾಕಿಕೊಳ್ಳಿ, ಸಾದಾ ಧೂಳಿನ ಮಾಸ್ಕ್ ಸಾಲದು, ಹಳೇ ಪೇಂಟಿನಲ್ಲಿ ಸೀಸ ಇರಬಹುದು. ಥಿನ್ನರ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತದೆ, ಸಣ್ಣ ಕಿಡಿಗೂ ಹೊತ್ತಿಕೊಳ್ಳುತ್ತದೆ. ಯುಪಿಎಸ್, ಸ್ವಿಚ್, ಗ್ಯಾಸ್ ಗೀಸರ್, ದೇವರ ದೀಪ ಯಾವುದೂ ಹತ್ತಿರ ಬೇಡ. ಕಂಪ್ರೆಸರ್ ದೂರ ಇಟ್ಟು ಉದ್ದನೆ ಹೋಸ್ ಹಾಕಿ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಸ್ಪ್ರೇ ಮಾಡುವ ಯೋಚನೆಯನ್ನೇ ಬಿಡಿ. ಗಾಳಿ ಇಲ್ಲ, ಬೆಂಕಿಯ ಭಯ, ಜೊತೆಗೆ ಹಾರಿದ ಬಣ್ಣ ಅಕ್ಕಪಕ್ಕದ ಕಾರುಗಳ ಮೇಲೆಲ್ಲ ಕೂರುತ್ತದೆ.

ಜಾಗ ಮತ್ತು ಕಾಲ

ಮೂರು ಕಡೆ ತೆರೆದ ಪೋರ್ಟಿಕೋ ಇರುವ ಮನೆ ಇದ್ದರೆ ಚೆನ್ನ. ಮೇಲೆ ಸೂರು ಇರಬೇಕು, ಪಕ್ಕಕ್ಕೆ ಪ್ಲಾಸ್ಟಿಕ್ ಶೀಟ್ ಇಳಿಬಿಡಬೇಕು, ಆದರೆ ಗಾಳಿ ಹೋಗಿಬರಲು ಒಂದು ಕಡೆ ಪೂರ್ತಿ ಬಿಟ್ಟಿರಬೇಕು. 30 ಬೈ 40 ಸೈಟುಗಳ ಬೀದಿಯಲ್ಲಿ ಪಕ್ಕದ ಮನೆ ಒಂದು ಮಾರು ದೂರದಲ್ಲಿರುತ್ತದೆ. ಅವರ ಕಾರು, ಒಣಹಾಕಿದ ಬಟ್ಟೆ, ತುಳಸಿ ಕಟ್ಟೆ ಎಲ್ಲ ಅಲ್ಲೇ. ಮುಂಚೆಯೇ ಹೋಗಿ "ಆಂಟಿ, ಭಾನುವಾರ ಬೆಳಿಗ್ಗೆ ಸ್ವಲ್ಪ ಪೇಂಟ್ ಮಾಡ್ತೀನಿ, ಕಾರ್ ಆ ಕಡೆ ನಿಲ್ಲಿಸ್ತೀರಾ" ಅಂತ ಹೇಳಿಬಂದರೆ ಜಗಳ ಬರುವುದಿಲ್ಲ.

ಆಯುಧಪೂಜೆಗೆ ಗಾಡಿ ಹೊಸದಾಗಿ ಕಾಣಲಿ ಅಂತ ಎಷ್ಟೋ ಜನ ಸೆಪ್ಟೆಂಬರಿನಲ್ಲಿ ಕೈ ಹಾಕುತ್ತಾರೆ. ಬೆಂಗಳೂರಿನಲ್ಲಿ ಅದು ಜೋರು ಮಳೆಯ ಕಾಲ. ಥಿನ್ನರ್ ಬೇಗ ಆರುವಾಗ ಪ್ಯಾನೆಲ್ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂತು ಬಣ್ಣ ಬೂದು ಬಿಳುಪಾಗುತ್ತದೆ. ಡಿಸೆಂಬರ್ ಕೊನೆಯಿಂದ ಫೆಬ್ರವರಿ ತನಕ ಒಳ್ಳೆಯ ಕಾಲ. ಬೆಳಿಗ್ಗೆ ಇಬ್ಬನಿ ಪೂರ್ತಿ ಆರಲಿ, ಹತ್ತು ಗಂಟೆ ಆಸುಪಾಸಿಗೆ ಶುರು ಮಾಡಿ, ಮಧ್ಯಾಹ್ನದೊಳಗೆ ಮುಗಿಸಿ. ಮಾರ್ಚ್ ಆದ ಮೇಲೆ ಹೊಂಗೆ ಮರಗಳು ಹೂ ಉದುರಿಸುತ್ತವೆ, ಏಪ್ರಿಲ್ ಸಂಜೆಗಳಲ್ಲಿ ಗಾಳಿ ಮಳೆ ಹೇಳದೆ ಕೇಳದೆ ಬರುತ್ತದೆ. ನೇರ ಬಿಸಿಲಿನಲ್ಲಂತೂ ಹೊಡೆಯಬೇಡಿ. ಪ್ಯಾನೆಲ್ ಮೇಲೆ ಅಂಗೈ ಇಟ್ಟರೆ ಬೆಚ್ಚಗಿರಬಹುದು, ಸುಡಬಾರದು.

ತೊಳೆಯುವುದು, ಒರೆಸುವುದು

ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಎರಡು ಸಲ ತೊಳೆಯಿರಿ. ಇಲ್ಲಿ ನೀರಿನ ಬಗ್ಗೆ ಗಮನ ಬೇಕು. ನಮ್ಮ ಬೋರ್‌ವೆಲ್ ನೀರು ಗಡಸು. ಪ್ಯಾನೆಲ್ ಮೇಲೆ ತಾನಾಗಿ ಆರಿದರೆ ಬಿಳಿ ಉಪ್ಪಿನ ಕಲೆ ಬಿಡುತ್ತದೆ, ಅದರ ಮೇಲೆ ಪೇಂಟ್ ಬಿದ್ದರೆ ಮುಂದೆ ಸಣ್ಣ ಗುಳ್ಳೆ ಏಳುತ್ತದೆ. ಕಾವೇರಿ ನೀರು ಬರುವ ದಿನ ಎರಡು ಬಕೆಟ್ ಹಿಡಿದಿಟ್ಟುಕೊಂಡು ಕೊನೆಯ ತೊಳೆತಕ್ಕೆ ಅದನ್ನೇ ಬಳಸಿ, ತಕ್ಷಣ ಬಟ್ಟೆಯಲ್ಲಿ ಒರೆಸಿಬಿಡಿ.

ಆಮೇಲೆ ವ್ಯಾಕ್ಸ್ ಮತ್ತು ಗ್ರೀಸ್ ರಿಮೂವರ್. ಕೈಯಲ್ಲಿ ಎರಡು ಬಟ್ಟೆ ಇರಲಿ, ಒಂದರಿಂದ ಹಚ್ಚಿ, ಅದು ಆರುವ ಮೊದಲೇ ಇನ್ನೊಂದರಿಂದ ಒರೆಸಿ. ಇದನ್ನು ಪೇಪರ್ ಹಾಕುವ ಮೊದಲೇ ಮಾಡಬೇಕು. ಉಜ್ಜಿದ ಮೇಲೆ ಮಾಡಿದರೆ ಜಿಡ್ಡು ಗೀರುಗಳ ಒಳಗೆ ಸೇರಿಕೊಂಡಿರುತ್ತದೆ, ಬರುವುದಿಲ್ಲ. ಟೈರ್ ಪಾಲಿಶ್, ಡ್ಯಾಶ್‌ಬೋರ್ಡ್ ಪಾಲಿಶ್‌ನಲ್ಲಿರುವ ಸಿಲಿಕೋನ್ ದೊಡ್ಡ ಶತ್ರು. ಅದರ ಒಂದು ಕಣ ಇದ್ದ ಕಡೆ ಬಣ್ಣ ಹಿಂದೆ ಸರಿದು ಮೀನಿನ ಕಣ್ಣಿನಂಥ ಗುಂಡಿ ಬೀಳುತ್ತದೆ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಕೈಗೆ, ಕೈಯಿಂದ ಪ್ಯಾನೆಲ್‌ಗೆ ಬಂದರೂ ಅದೇ ಗತಿ. ಗ್ಲೌಸ್ ಹಾಕಿಕೊಳ್ಳಿ.

ಈಗಲೇ ಎರಡು ಪರೀಕ್ಷೆ ಮಾಡಿಬಿಡಿ. ಬಿಳಿ ಬಟ್ಟೆಗೆ ರಬ್ಬಿಂಗ್ ಕಾಂಪೌಂಡ್ ಹಚ್ಚಿ ಉಜ್ಜಿ. ಗಾಡಿಯ ಬಣ್ಣ ಬಟ್ಟೆಗೆ ಬಂದರೆ ಮೇಲೆ ಕ್ಲಿಯರ್ ಇಲ್ಲ, ಬರದಿದ್ದರೆ ಕ್ಲಿಯರ್ ಇದೆ. ಬಿಳಿ ಕಾರಿಗೆ ಬಣ್ಣದ ಬಟ್ಟೆ ಬಳಸಿ. ಎರಡನೆಯದು, ಕಾಣದ ಮೂಲೆಯಲ್ಲಿ ಥಿನ್ನರ್ ಅದ್ದಿದ ಬಟ್ಟೆಯನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಫ್ಯಾಕ್ಟರಿ ಪೇಂಟ್ ಜಗ್ಗುವುದಿಲ್ಲ. ಮೆತ್ತಗಾದರೆ ಹಿಂದೆ ಯಾರೋ ಕಡಿಮೆ ದರ್ಜೆಯ ಪೇಂಟ್ ಮಾಡಿಸಿದ್ದಾರೆ ಅಂತ ಅರ್ಥ. ಅದರ ಮೇಲೆ ಹೊಸದು ಹೊಡೆದರೆ ಸುಕ್ಕುಗಟ್ಟುತ್ತದೆ, ಪೂರ್ತಿ ಉಜ್ಜಿ ತೆಗೆಯಲೇಬೇಕು. ಸೆಕೆಂಡ್ ಹ್ಯಾಂಡ್ ಗಾಡಿ ಇದ್ದವರು ಇದನ್ನು ಮರೆಯಬಾರದು.

ತುಕ್ಕು ಮತ್ತು ಪುಟ್ಟಿ

ಬೆಂಗಳೂರಿನಲ್ಲಿ ಸಮುದ್ರದ ಗಾಳಿ ಇಲ್ಲ, ಹಾಗಾಗಿ ತುಕ್ಕು ಮಂಗಳೂರಿನಷ್ಟು ಕಾಡುವುದಿಲ್ಲ. ಆದರೂ ಬಾಗಿಲಿನ ಅಡಿ ಅಂಚು, ಚಕ್ರದ ಕಮಾನು, ಮುಂದಿನ ಗ್ಲಾಸಿನ ಬೀಡಿಂಗ್ ಅಡಿ, ಬ್ಯಾಟರಿ ಟ್ರೇ ಕೆಳಗೆ ನೋಡಿ. ಬಾಗಿಲಿನ ಅಡಿ ನೀರು ಹೋಗುವ ಸಣ್ಣ ತೂತುಗಳಿರುತ್ತವೆ, ಎಲೆ ಧೂಳು ಕಟ್ಟಿಕೊಂಡರೆ ಒಳಗಿನಿಂದಲೇ ತುಕ್ಕು ಶುರುವಾಗುತ್ತದೆ. ತಂತಿ ಬ್ರಷ್ ಮತ್ತು 80 ನಂಬರ್ ಪೇಪರಿನಲ್ಲಿ (ನಂಬರ್ ಕಡಿಮೆ ಇದ್ದಷ್ಟೂ ಪೇಪರ್ ಒರಟು) ಹೊಳೆಯುವ ತಗಡು ಕಾಣುವ ತನಕ ಉಜ್ಜಿ. ಚುಕ್ಕೆ ಚುಕ್ಕೆಯಾಗಿ ಆಳಕ್ಕೆ ಇಳಿದ ತುಕ್ಕಿಗೆ ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್ ಹಚ್ಚಿ, ಡಬ್ಬಿಯಲ್ಲಿ ಹೇಳಿದ ಹಾಗೆ ತೊಳೆದು ಒಣಗಿಸಿ. ಸ್ಕ್ರೂ ಡ್ರೈವರ್ ಒತ್ತಿದರೆ ತೂತು ಬೀಳುತ್ತದೆ ಅಂದರೆ ಅದು ಪುಟ್ಟಿಯಲ್ಲಿ ಮುಚ್ಚುವ ಕೆಲಸವಲ್ಲ. ಟಿಂಕರಿಂಗ್ ಮಾಡುವವರ ಹತ್ತಿರ ತಗಡು ಕತ್ತರಿಸಿ ವೆಲ್ಡ್ ಮಾಡಿಸಿ.

ಡೆಂಟ್ ಇದ್ದರೆ ಆದಷ್ಟು ಹಿಂದಿನಿಂದ ತಟ್ಟಿ ಎತ್ತಿ, ಉಳಿದದ್ದಕ್ಕೆ ಮಾತ್ರ ಪುಟ್ಟಿ. ಉಜ್ಜಿದ ಮೇಲೆ ಪುಟ್ಟಿ ಮೂರು ಮಿಲಿಮೀಟರ್ ದಾಟಬಾರದು. ದಪ್ಪ ಆದಷ್ಟೂ ಬಿರುಕು ಬಿಡುವ ಭಯ ಜಾಸ್ತಿ.

ಡೆಂಟ್ ಸುತ್ತ ಒಂದು ಗೇಣು ಹಳೇ ಪೇಂಟನ್ನು 80ರಲ್ಲಿ ಇಳಿಸಿ, ಪೇಂಟಿನ ಅಂಚು ಮೆಟ್ಟಿಲಾಗದೆ ಇಳಿಜಾರಾಗಲಿ. ಪಾಲಿಯೆಸ್ಟರ್ ಪುಟ್ಟಿಗೆ ಹಾರ್ಡನರ್ ಹೆಚ್ಚುಕಡಿಮೆ ನೂರು ಗ್ರಾಮಿಗೆ ಎರಡು ಗ್ರಾಂ. ಬೇಗ ಗಟ್ಟಿಯಾಗಲಿ ಅಂತ ಜಾಸ್ತಿ ಹಾಕಿದರೆ ಅದರಲ್ಲಿರುವ ಪೆರಾಕ್ಸೈಡ್ ಮೇಲಿನ ಬಣ್ಣಕ್ಕೆ ಏರಿ ಕಲೆ ಮಾಡುತ್ತದೆ, ಬಿಳಿ ಗಾಡಿಯಲ್ಲಿ ಇದು ಚೆನ್ನಾಗಿಯೇ ಕಾಣುತ್ತದೆ. ಕಮ್ಮಿ ಹಾಕಿದರೆ ಗಟ್ಟಿಯೇ ಆಗುವುದಿಲ್ಲ. ಗಾಜಿನ ಅಥವಾ ಟೈಲ್ಸ್ ತುಂಡಿನ ಮೇಲೆ, ಬಣ್ಣ ಎಲ್ಲ ಕಡೆ ಒಂದೇ ಆಗುವ ತನಕ ಒತ್ತಿ ಒತ್ತಿ ಕಲಸಿ. ಜೋರಾಗಿ ಕಲಕಬೇಡಿ, ಗಾಳಿ ಸೇರಿಕೊಂಡು ಮುಂದೆ ಸೂಜಿಮೊನೆ ತೂತುಗಳಾಗುತ್ತವೆ. ಕೆಲವೇ ನಿಮಿಷದಲ್ಲಿ ಬಿಗಿಯುತ್ತದೆ, ಹಾಗಾಗಿ ಒಂದು ನಿಂಬೆಹಣ್ಣಿನಷ್ಟು ಮಾತ್ರ ಕಲಸಿ. ಮೊದಲ ಪದರವನ್ನು ತೆಳ್ಳಗೆ, ತಗಡಿಗೆ ಒತ್ತಿ ಎಳೆಯಿರಿ. ಅದು ಹಿಡಿದುಕೊಂಡ ಮೇಲೆ ಮುಂದಿನದು.

ಪುಟ್ಟಿಯನ್ನು ನೀರು ಹಾಕಿ ಉಜ್ಜಬೇಡಿ. ಎಷ್ಟೋ ಕಡೆ ಹಾಗೆ ಮಾಡುವುದನ್ನು ನೋಡಿರಬಹುದು, ಧೂಳು ಏಳುವುದಿಲ್ಲ, ಕೈಗೂ ಸುಲಭ. ಆದರೆ ಪುಟ್ಟಿ ನೀರು ಹೀರುತ್ತದೆ. ಆ ನೀರು ಒಳಗೇ ಉಳಿದು ಕೆಳಗಿನ ತಗಡಿಗೆ ತುಕ್ಕು ತರುತ್ತದೆ, ಮೇಲಿನ ಪೇಂಟಿನಲ್ಲಿ ಗುಳ್ಳೆ ತರುತ್ತದೆ. ಒಣ ಪೇಪರ್, ಬ್ಲಾಕಿಗೆ ಸುತ್ತಿ. ಬರಿ ಬೆರಳಲ್ಲಿ ಒತ್ತಿ ಉಜ್ಜಿದರೆ ಬೆರಳಿನ ಸಾಲುಗಳೇ ಅಚ್ಚಾಗುತ್ತವೆ. 80ರಲ್ಲಿ ಆಕಾರ, 150ರಲ್ಲಿ ಅದರ ಗೆರೆ ತೆಗೆಯುವುದು, 240, ಕೊನೆಗೆ 320. ಮಧ್ಯದ ನಂಬರ್ ಹಾರಿಸಿದರೆ ಹಿಂದಿನ ಗೆರೆ ಉಳಿಯುತ್ತದೆ. ಬ್ಲಾಕನ್ನು ಒಂದು ಸಲ ಈ ಓರೆ, ಇನ್ನೊಂದು ಸಲ ಆ ಓರೆ ಓಡಿಸಿ.

ಸಮ ಆಯಿತಾ ಅಂತ ಕಣ್ಣಿಗಿಂತ ಕೈಗೆ ಚೆನ್ನಾಗಿ ಗೊತ್ತಾಗುತ್ತದೆ. ತೆಳು ಹತ್ತಿ ಬಟ್ಟೆ ಪ್ಯಾನೆಲ್ ಮೇಲೆ ಹಾಸಿ, ಕಣ್ಣು ಮುಚ್ಚಿ, ಅಂಗೈ ಚಪ್ಪಟೆ ಇಟ್ಟು ಒಳ್ಳೆಯ ಜಾಗದಿಂದ ಪುಟ್ಟಿಯ ಮೇಲೆ ಹಾಯಿಸಿ ಆಚೆಯ ಒಳ್ಳೆಯ ಜಾಗಕ್ಕೆ ಹೋಗಿ. ಎಲ್ಲಿ ಕೈ ಏರಿತು, ಎಲ್ಲಿ ಇಳಿಯಿತು ತಿಳಿಯುತ್ತದೆ. ಏರಿದ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿ ಉಜ್ಜಿ, ಇಳಿದ ಕಡೆ ಇನ್ನೊಂದು ತೆಳು ಪದರ. ತೃಪ್ತಿಯಾಗುವ ತನಕ ಇದನ್ನೇ ಮಾಡಿ.

ಪ್ರೈಮರ್, ಮತ್ತು ಕಾಯುವುದು

ಬರಿ ತಗಡು ಕಂಡ ಕಡೆಗೆಲ್ಲ ಮೊದಲು ಎಪಾಕ್ಸಿ ಪ್ರೈಮರ್. ಇದಕ್ಕೂ ಹಾರ್ಡನರ್ ಇರುತ್ತದೆ, ಸಾಮಾನ್ಯವಾಗಿ ಅಮೀನ್ ಆಧಾರದ್ದು, ಐಸೋಸೈನೇಟ್ ಇಲ್ಲದ್ದನ್ನೇ ಕೇಳಿ ಕೊಳ್ಳಿ. ಸಣ್ಣ ಜಾಗಕ್ಕೆ ಬ್ರಷ್‌ನಲ್ಲೇ ಹಚ್ಚಬಹುದು. ಅದರ ಮೇಲೆ 1ಕೆ ಸರ್ಫೇಸರ್ (ಸಣ್ಣ ಗೀರು ತುಂಬುವ, ಉಜ್ಜಲು ಬರುವ ದಪ್ಪ ಪ್ರೈಮರ್) ಎರಡು ಮೂರು ಕೋಟ್, ಕೋಟ್‌ಗಳ ನಡುವೆ ಹತ್ತು ಹದಿನೈದು ನಿಮಿಷ. ಪ್ರೈಮರ್ ದಪ್ಪ, ಅದಕ್ಕೆ ಗನ್ ನಾಜಲ್ 1.7 ಮಿಲಿಮೀಟರ್ ಆಸುಪಾಸು ಬೇಕು. ಬಣ್ಣಕ್ಕೆ 1.3 ಅಥವಾ 1.4 ಸಾಕು.

ಈಗ ಕಾಯಿರಿ. 1ಕೆ ಸರ್ಫೇಸರ್ ಮುಟ್ಟಿದರೆ ಅರ್ಧ ಗಂಟೆಯಲ್ಲೇ ಒಣಗಿದ ಹಾಗಿರುತ್ತದೆ, ಒಳಗಿನ ಥಿನ್ನರ್ ಹೊರಬರಲು ದಿನಗಳು ಬೇಕು. ಬಿಚ್ಚಿದ ಫೆಂಡರ್ ಆದರೆ ತಾರಸಿಯಲ್ಲಿ ಬಿಸಿಲಿಗೆ ಇಡಿ, ಸಂಜೆ ಒಳಗೆ ತನ್ನಿ, ಒಂದು ವಾರ ಹೀಗೆ ನಡೆಯಲಿ. ಉಗುರು ಒತ್ತಿದರೆ ಗುರುತು ಬೀಳಬಾರದು, ಮೂಗಿನ ಹತ್ತಿರ ಹಿಡಿದರೆ ಥಿನ್ನರ್ ವಾಸನೆ ಇರಬಾರದು.

ಕಾದ ಮೇಲೆ ಗೈಡ್ ಕೋಟ್. ಕಪ್ಪು ಸ್ಪ್ರೇ ಕ್ಯಾನನ್ನು ಎರಡು ಅಡಿ ದೂರದಿಂದ ಪ್ರೈಮರ್ ಮೇಲೆ ತುಂತುರಾಗಿ ಹಾಯಿಸಿ. ಬೂದು ಮೈ ಮೇಲೆ ಕಪ್ಪು ಚುಕ್ಕೆಗಳು ಚೆದುರಿರಬೇಕು, ಮುಚ್ಚಬಾರದು. ಅದು ಆರಿದ ಮೇಲೆ 400 ವಾಟರ್ ಪೇಪರ್ ಬ್ಲಾಕಿಗೆ ಸುತ್ತಿ, ಬಕೆಟ್ಟಿಗೆ ಎರಡು ಹನಿ ಸೋಪು ಹಾಕಿಕೊಂಡು ಮೆಲ್ಲಗೆ ಉಜ್ಜಿ. ಎತ್ತರದ ಜಾಗದಲ್ಲಿ ಕಪ್ಪು ಮೊದಲು ಹೋಗುತ್ತದೆ. ತಗ್ಗಿನಲ್ಲಿ, ಉಳಿದ ಗೀರಿನಲ್ಲಿ, ಸೂಜಿಮೊನೆ ತೂತಿನಲ್ಲಿ ಉಳಿದುಕೊಳ್ಳುತ್ತದೆ. ಕಣ್ಣಿಗೆ ಕಾಣದೇ ಇದ್ದ ಗೀರೊಂದು ಸಣ್ಣ ಕಪ್ಪು ಗೆರೆಯಾಗಿ ಎದುರು ನಿಲ್ಲುವುದನ್ನು ನೋಡಿದ ಮೇಲೆ ಗೈಡ್ ಕೋಟ್ ಇಲ್ಲದೆ ಯಾರೂ ಕೆಲಸ ಮಾಡುವುದಿಲ್ಲ. ಕಪ್ಪು ಪೂರ್ತಿ ಹೋಗುವ ತನಕ ಉಜ್ಜಿ. ತಗಡು ಕಾಣಿಸಿಬಿಟ್ಟರೆ ನಿಲ್ಲಿಸಿ, ಅಲ್ಲಿಗೆ ಮತ್ತೆ ಪ್ರೈಮರ್, ಮತ್ತೆ ಕಾಯುವುದು. ಕೊನೆಗೆ ಸಾದಾ ಬಣ್ಣಕ್ಕೆ 600, ಮೆಟಾಲಿಕ್‌ಗೆ 800. ಆಮೇಲೆ ಚೆನ್ನಾಗಿ ಒರೆಸಿ ಒಂದು ದಿನ ಬಿಸಿಲಿಗೆ ಒಣಗಿಸಿ. ಬೂತ್‌ಗೆ ಕೊಡುವವರ ಕೆಲಸ ಇಲ್ಲಿಗೆ ಮುಗಿಯಿತು.

ಪ್ಲಾಸ್ಟಿಕ್ ಬಂಪರ್ ಆದರೆ ಒಳಗಡೆ ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಅಂತ ಅಚ್ಚು ಇದೆಯಾ ನೋಡಿ. ಅದರ ಮೇಲೆ ಮಾಮೂಲಿ ಪ್ರೈಮರ್ ಹಿಡಿಯುವುದಿಲ್ಲ, ಪ್ಲಾಸ್ಟಿಕ್ ಪ್ರೈಮರ್ ಮೊದಲು ಬೇಕು.

ಮಾಸ್ಕಿಂಗ್

ಬಿಚ್ಚಲು ಬರುವುದನ್ನು ಬಿಚ್ಚಿ. ಇಂಡಿಕೇಟರ್, ಹ್ಯಾಂಡಲ್, ಲೋಗೋ ಸುತ್ತ ಟೇಪ್ ಹಾಕುವುದಕ್ಕಿಂತ ಐದು ನಿಮಿಷ ಕೂತು ಬಿಚ್ಚುವುದು ಉತ್ತಮ. ಟೇಪ್ ಅಂಚಿನಿಂದಲೇ ಪೇಂಟ್ ಸುಲಿಯಲು ಶುರುವಾಗುವುದು. ಗಾಡಿಗೆ ಬಳಸುವ ಮಾಸ್ಕಿಂಗ್ ಟೇಪೇ ತನ್ನಿ. ನ್ಯೂಸ್‌ಪೇಪರ್ ಒಂದೇ ಹಾಳೆ ಹಾಕಿದರೆ ಥಿನ್ನರ್ ನೆನೆದು ಇಳಿಯುತ್ತದೆ, ಎರಡು ಹಾಳೆ ಹಾಕಿ ಅಥವಾ ಖಾಕಿ ಕಾಗದ ಬಳಸಿ. ಚಕ್ರ, ಗ್ಲಾಸ್, ಇಂಜಿನ್ ಸಂದು ಎಲ್ಲ ಮುಚ್ಚಿ. ಹಾರಿದ ಬಣ್ಣ ನೀವು ಅಂದುಕೊಂಡದ್ದಕ್ಕಿಂತ ದೂರ ಹೋಗುತ್ತದೆ, ಇಡೀ ಕಾರಿಗೆ ಪ್ಲಾಸ್ಟಿಕ್ ಶೀಟ್ ಹೊದಿಸಿದರೂ ತಪ್ಪಿಲ್ಲ.

ಬಣ್ಣ ಹೊಡೆಯುವ ದಿನ

ನೆಲಕ್ಕೆ ನೀರು ಚಿಮುಕಿಸಿ, ಧೂಳು ಏಳುವುದಿಲ್ಲ. ಉಣ್ಣೆ ಸ್ವೆಟರ್, ಹೊಸ ಟವೆಲ್ ಬೇಡ, ನೂಲು ಉದುರುತ್ತದೆ. ಕಂಪ್ರೆಸರ್ ಎರಡು ಹಾರ್ಸ್‌ಪವರ್, 50 ಲೀಟರ್ ಟ್ಯಾಂಕ್ ಇದ್ದರೆ ಒಂದು ಪ್ಯಾನೆಲ್‌ಗೆ ಸುಧಾರಿಸಬಹುದು, ಕಡಿಮೆ ಗಾಳಿ ಬೇಡುವ ಗನ್ ಆರಿಸಿ. ಗಾಳಿಯಲ್ಲಿರುವ ನೀರು ಹಿಡಿಯುವ ಫಿಲ್ಟರ್ ಕಡ್ಡಾಯ. ಟ್ಯಾಂಕಿನ ಅಡಿಯ ನಲ್ಲಿ ತಿರುಗಿಸಿ ನೋಡಿ, ಎಷ್ಟು ನೀರು ಬರುತ್ತದೆ ಅಂತ ಆಶ್ಚರ್ಯವಾಗುತ್ತದೆ. ಗನ್ ಹತ್ತಿರ ಪ್ರೆಶರ್ ಎರಡು ಬಾರ್ ಆಸುಪಾಸು, ನಿಮ್ಮ ಗನ್‌ನ ಚೀಟಿಯಲ್ಲಿ ಬೇರೆ ಇದ್ದರೆ ಅದೇ ಸರಿ. ಪೇಂಟ್ ಮತ್ತು ಥಿನ್ನರ್ ಅಳತೆಯೂ ಡಬ್ಬಿಯಲ್ಲಿ ಹೇಳಿದ್ದೇ, ಅಂದಾಜು ಬೇಡ. ಜರಡಿ ಕಾಗದದಲ್ಲಿ ಸೋಸಿ ಕಪ್‌ಗೆ ಹಾಕಿ.

ಮೊದಲು ಹಳೇ ತಗಡಿನ ಮೇಲೆ ಹೊಡೆದು ನೋಡಿ. ತಗಡಿನ ಮೇಲೆ ಮಾರ್ಕರ್‌ನಲ್ಲಿ ಕಪ್ಪು ಪಟ್ಟೆ ಬರೆದು ಆ ಪಟ್ಟೆ ಎಷ್ಟನೇ ಕೋಟಿಗೆ ಮುಚ್ಚುತ್ತದೆ ಗಮನಿಸಿ. ಪ್ಯಾನೆಲ್‌ಗೂ ಅಷ್ಟೇ ಕೋಟ್ ಬೇಕು.

ಗನ್ ಪ್ಯಾನೆಲ್‌ಗೆ ನೇರವಾಗಿ, 15ರಿಂದ 20 ಸೆಂಟಿಮೀಟರ್ ದೂರ, ಅಂದರೆ ಹತ್ತಿರ ಹತ್ತಿರ ಒಂದು ಗೇಣು. ಮಣಿಕಟ್ಟು ತಿರುಗಿಸಬೇಡಿ, ಇಡೀ ತೋಳು ಸರಿಯಬೇಕು. ಮಣಿಕಟ್ಟು ತಿರುಗಿದರೆ ಮಧ್ಯದಲ್ಲಿ ಬಣ್ಣ ದಪ್ಪ, ಎರಡು ತುದಿಯಲ್ಲಿ ತೆಳು. ಪ್ಯಾನೆಲ್ ಶುರುವಾಗುವ ಮೊದಲೇ ಟ್ರಿಗರ್ ಒತ್ತಿ, ದಾಟಿದ ಮೇಲೆ ಬಿಡಿ. ಪ್ರತಿ ಸಾಲು ಹಿಂದಿನ ಸಾಲಿನ ಅರ್ಧ ಮುಚ್ಚಬೇಕು. ಕಣ್ಣು ಗನ್ ಮೇಲೆ ಬೇಡ, ಈಗಷ್ಟೇ ಬಿದ್ದ ಒದ್ದೆ ಅಂಚಿನ ಮೇಲೆ ಇರಲಿ. ಅಲ್ಲಿ ಬೆಳಕಿನ ಬಿಂಬ ನೋಡಿ. ಬಿಂಬ ಒಡೆದು ಪುಡಿಯಾಗಿ ಕಂಡರೆ ಬಣ್ಣ ಒಣ ಬೀಳುತ್ತಿದೆ, ಸ್ವಲ್ಪ ಹತ್ತಿರ ಬನ್ನಿ ಅಥವಾ ನಿಧಾನ ಮಾಡಿ. ಬಿಂಬ ಕೆಳಕ್ಕೆ ಜಾರುತ್ತಿದ್ದರೆ ಜಾಸ್ತಿಯಾಯಿತು.

ಅಂಚು, ಮೂಲೆಗಳನ್ನು ಮೊದಲು ಹೊಡೆದುಕೊಳ್ಳಿ, ಆಮೇಲೆ ಮುಖ. ಮೊದಲ ಕೋಟ್ ತೆಳ್ಳಗೆ, ಅಡಿಯದು ಕಾಣುತ್ತಿರಲಿ. ಹತ್ತು ಹದಿನೈದು ನಿಮಿಷ ಬಿಟ್ಟು ಎರಡನೆಯದು, ಆಮೇಲೆ ಮೂರನೆಯದು. ಒಂದೇ ಸಲಕ್ಕೆ ಮುಚ್ಚುವ ಆಸೆಗೆ ಬಿದ್ದರೆ ಬಣ್ಣ ಸೋರುತ್ತದೆ.

ಸೋರಿದರೆ ಒದ್ದೆಯಲ್ಲಿ ಕೈ ಹಾಕಬೇಡಿ. ಪೂರ್ತಿ ಒಣಗಲಿ, ಆಮೇಲೆ ಬ್ಲಾಕಿಗೆ 1000 ಪೇಪರ್ ಸುತ್ತಿ ಉಬ್ಬಿದ್ದನ್ನು ಮಾತ್ರ ಇಳಿಸಿ. ಸೊಳ್ಳೆ ಕೂತರೂ ಹೀಗೇ. ಮೀನಿನ ಕಣ್ಣು ಬಿದ್ದರೆ ಮೇಲೆ ಮೇಲೆ ಬಣ್ಣ ಸುರಿದರೆ ಮುಚ್ಚುವುದಿಲ್ಲ, ಒಣಗಿಸಿ, ಉಜ್ಜಿ, ಜಿಡ್ಡು ತೆಗೆದು ಮತ್ತೆ ಹೊಡೆಯಬೇಕು. ತೇವಕ್ಕೆ ಬಣ್ಣ ಬಿಳಿಚಿಕೊಂಡರೆ ಬಿಸಿಲು ಬಂದ ದಿನ ನಿಧಾನವಾಗಿ ಆರುವ ರಿಟಾರ್ಡರ್ ಥಿನ್ನರ್ ತೆಳ್ಳಗೆ ಹಾಯಿಸಿದರೆ ಎಷ್ಟೋ ಸಲ ತಿಳಿಯಾಗುತ್ತದೆ.

ಬೇಸ್ ಕೋಟ್, ಅಂದರೆ ಕ್ಲಿಯರ್ ಅಡಿಗೆ ಅಂತಲೇ ಇರುವ ಹೊಳಪಿಲ್ಲದ ಬಣ್ಣ, ಹೊಡೆದಿದ್ದರೆ ಮೇಲೆ ಕ್ಲಿಯರ್ ಬೇಕೇ ಬೇಕು, ಬರಿ ಬೇಸ್ ಮಂಕು, ಮಳೆ ಬಿಸಿಲು ತಡೆಯುವುದಿಲ್ಲ. ಸಣ್ಣ ಭಾಗಕ್ಕೆ 1ಕೆ ಅಕ್ರಿಲಿಕ್ ಕ್ಲಿಯರ್ ಸ್ಪ್ರೇ ಸಾಕು. ಅದೇ ದಿನ, ಡಬ್ಬಿಯಲ್ಲಿ ಹೇಳಿದ ಅವಧಿಯೊಳಗೆ ಹೊಡೆಯಿರಿ. ಕ್ಲಿಯರ್ ಬೇಡದ ಸಾದಾ ಹೊಳಪು ಬಣ್ಣ ಆದರೆ ಇಲ್ಲಿಗೇ ಸಾಕು.

ಪಾಲಿಶ್, ಮತ್ತು ಆಮೇಲೆ

1ಕೆ ಕೆಲಸಕ್ಕೆ ಮತ್ತೆ ಒಂದು ವಾರ ಕೊಡಿ, ಎರಡು ಕೊಟ್ಟರೆ ಇನ್ನೂ ಒಳ್ಳೆಯದು. ಆಮೇಲೆ 1500, 2000 ವಾಟರ್ ಪೇಪರ್ ಹಾಕಿ ಕಿತ್ತಳೆ ಸಿಪ್ಪೆಯಂಥ ಒರಟು ಮತ್ತು ಧೂಳಿನ ಚುಕ್ಕೆ ತೆಗೆಯಿರಿ. ಅಂಚು ಮತ್ತು ಗೆರೆಗಳ ಮೇಲೆ ಬಣ್ಣ ತೆಳು ಇರುತ್ತದೆ, ಅಲ್ಲಿಗೆ ಮೊದಲೇ ಟೇಪ್ ಹಾಕಿಕೊಳ್ಳಿ, ಕೊನೆಗೆ ಅದನ್ನು ತೆಗೆದು ಕೈಯಲ್ಲೇ ಸ್ವಲ್ಪ ಕಾಂಪೌಂಡ್ ಉಜ್ಜಿ. ಉಳಿದದ್ದಕ್ಕೆ ಬಫಿಂಗ್ ಮಷೀನ್, ಕಡಿಮೆ ವೇಗ, ಒಂದೇ ಕಡೆ ನಿಲ್ಲಿಸಬೇಡಿ, ಸುಡುತ್ತದೆ.

ಮೊದಲ ತಿಂಗಳು ವ್ಯಾಕ್ಸ್ ಬೇಡ, ಒಳಗಿನ ಥಿನ್ನರ್ ಇನ್ನೂ ಹೊರಬರುತ್ತಿರುತ್ತದೆ. ಗಾಡಿಗೆ ಕವರ್ ಹಾಕಬೇಡಿ, ಸೂರಿನಡಿ ನಿಲ್ಲಿಸಿ. ಹಕ್ಕಿ ಹಿಕ್ಕೆ ಬಿದ್ದರೆ ಕೂಡಲೇ ನೀರು ಹಾಕಿ ತೆಗೆಯಿರಿ. ಪೂಜೆ ಮಾಡಿಸಿದರೆ ಅರಿಸಿನ ಕುಂಕುಮ ಗ್ಲಾಸಿಗೆ ಇಡಿಸಿ, ಹಾರವನ್ನು ಹೊಸ ಬಣ್ಣದ ಮೇಲೆ ಟೇಪ್ ಹಾಕಿ ಅಂಟಿಸಬೇಡಿ.

ಗನ್ ಅದೇ ದಿನ ಬಿಚ್ಚಿ ಥಿನ್ನರ್‌ನಲ್ಲಿ ತೊಳೆಯಿರಿ. ಆ ಥಿನ್ನರ್ ಚರಂಡಿಗೆ ಸುರಿಯಬೇಡಿ. ಮುಚ್ಚಳದ ಡಬ್ಬಿಯಲ್ಲಿ ಇಟ್ಟರೆ ಬಣ್ಣ ತಳಕ್ಕೆ ಇಳಿದು ಮೇಲೆ ತಿಳಿ ನಿಲ್ಲುತ್ತದೆ, ಮುಂದಿನ ಸಲ ಗನ್ ತೊಳೆಯಲು ಅದೇ ಸಾಕು. ಖಾಲಿ ಪೇಂಟ್ ಡಬ್ಬಿಗಳು ಅಪಾಯಕಾರಿ ಮನೆಕಸದ ಲೆಕ್ಕಕ್ಕೆ ಬರುತ್ತವೆ, ಹಸಿ ಕಸ ಒಣ ಕಸದ ಜೊತೆ ಬೆರೆಸದೆ ಕಸದ ಗಾಡಿಯವರಿಗೆ ಬೇರೆಯೇ ಕೊಡಿ. ಥಿನ್ನರ್ ಬಟ್ಟೆಗಳನ್ನು ಹೊರಗೆ ಬಿಡಿಸಿ ಹರಡಿ, ಪೂರ್ತಿ ಆರಿದ ಮೇಲಷ್ಟೇ ಎಸೆಯಿರಿ. ಉಳಿದ ಬಣ್ಣವನ್ನು ಸಣ್ಣ ಗಾಜಿನ ಬಾಟಲಿಗೆ ತುಂಬಿ ಕೋಡ್ ಮತ್ತು ತಾರೀಕು ಬರೆದಿಡಿ. ನಮ್ಮ ಟ್ರಾಫಿಕ್ಕಿನಲ್ಲಿ ಮುಂದಿನ ಗೀರಿಗೆ ಬೇಕಾಗುತ್ತದೆ.